ಅವ್ವನ ರವಿಕೆಯ ನಾಲ್ಕನೆಯ ಹೊಲಿಗೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾಲೆ ಏರಿಯ ಮೇಲೆ ಅವ್ವ ನನ್ನ ಮುಂದೆ ನಡೆಯುತ್ತಿದ್ದಳು ಎಂದೇ ಇಷ್ಟು ದಿನ ನಂಬಿದ್ದೆ. ಅವಳ ಬೆನ್ನು, ಎರಡೂ ಹೆಗಲಿಗೆ ಹೊದ್ದ ಸೆರಗು, ಮಣ್ಣು ತಾಗದಂತೆ ಎಡಗೈಯಲ್ಲಿ ಎತ್ತಿ ಹಿಡಿದ ನಿರಿಗೆ, ಎಲ್ಲ ಕಾಣುತ್ತದೆ. ಆದರೆ ಈಚೆಗೆ ಹಳೆಯ ದಿನಚರಿ ತೆಗೆದು ನೋಡಿದರೆ ಒಂದು ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಅವ್ವ ಹಿಂದೆ ಉಳಿದಳು. ತೂಬಿನ ಹತ್ತಿರ ಕಾದೆ.’ ಅದರ ಮುಂದಿನ ಭಾನುವಾರವೂ ಕಾದಿದ್ದೇನೆ. ಹಾಗಾದರೆ ನಾನು ನೋಡುತ್ತ ನಡೆದ ಆ ಬೆನ್ನು ಯಾವ ಕಾಲದ್ದು? ನಾನು ಚಿಕ್ಕವಳಿದ್ದಾಗ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೋಗುತ್ತಿದ್ದ ಅವ್ವನ ಬೆನ್ನನ್ನು ತಂದು ಈ ಏರಿಯ ಮೇಲೆ ಇಟ್ಟುಕೊಂಡಿದ್ದೇನೋ ಏನೋ.

ಇದನ್ನೆಲ್ಲ ಕೆದಕುವಂತಾದದ್ದು ನನ್ನ ತೂಕದಿಂದ. ನನಗೀಗ ಐವತ್ತೆರಡು. ಮನೆ ಶ್ರೀರಂಗಪಟ್ಟಣದಲ್ಲಿ, ಕೆಲಸ ಕೃಷ್ಣರಾಜಪೇಟೆಯ ಕಾಲೇಜೊಂದರಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಹೋಗಿದ್ದೇನೆ, ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ, ಸಂಜೆ ಮತ್ತೆ ಬಸ್ಸಿನಲ್ಲಿ ಕೂತು ಬಂದಿದ್ದೇನೆ. ಎರಡು ವರ್ಷದ ಹಿಂದೆ ಒಂದು ದಿನ ಪಾಂಡವಪುರದಲ್ಲಿ ಬಸ್ಸು ಬದಲಾಯಿಸುವಾಗ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡಿತು. ಹಿಂದಿದ್ದವರು ಸೊಂಟಕ್ಕೆ ಕೈ ಕೊಟ್ಟು ನೂಕಿ ಹತ್ತಿಸಿದರು. ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ, ಸಕ್ಕರೆ ಗೆರೆಯ ಮೇಲೆ ಬಂದು ನಿಂತಿದೆ, ಹತ್ತು ಕೆ.ಜಿ. ಇಳಿಸಿದರೆ ಮಾತ್ರೆ ಬೇಡ ಎಂದರು.

ಇಳಿಸಿದೆ. ಹೇಗೆಂದು ಹೇಳಲು ದೊಡ್ಡ ಗುಟ್ಟೇನಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಸ್ನಾನಘಟ್ಟದಿಂದ ಹೊಳೆ ಪಕ್ಕದ ದಾರಿ ಹಿಡಿದು ಕೋಟೆಗೋಡೆಯವರೆಗೆ, ಅಲ್ಲಿಂದ ಸುತ್ತಿ ಮನೆಗೆ. ಮುದ್ದೆ ಒಂದಕ್ಕೆ ಇಳಿಯಿತು, ಸಂಜೆಯ ಬೋಂಡ ನಿಂತಿತು, ರಾತ್ರಿಯ ಅನ್ನವೂ ನಿಂತಿತು. ಮೊದಲ ಮೂರು ತಿಂಗಳು ಕಾಟಾಚಾರಕ್ಕೆ ನಡೆದೆ. ಆಮೇಲೆ ನಡೆಯದ ದಿನ ಮೈ ಯಾರದೋ ಅನ್ನಿಸತೊಡಗಿತು. ಒಂದೂವರೆ ವರ್ಷದಲ್ಲಿ ಹನ್ನೊಂದು ಕೆ.ಜಿ. ಕಡಿಮೆಯಾದೆ.

ನಮ್ಮ ಕಡೆ ಹೆಂಗಸು ಇಳಿದರೆ ಯಾರೂ ಮೆಚ್ಚುವುದಿಲ್ಲ, ಕಾರಣ ಹುಡುಕುತ್ತಾರೆ. ಪೇಟೆಯ ಬಸ್ ನಿಲ್ದಾಣದಲ್ಲಿ ಹೂವು ಮಾರುವಾಕೆ ಮೊಳ ಹಾಕುತ್ತಲೇ ನನಗೆ ಸಕ್ಕರೆ ಕಾಯಿಲೆ ಇರುವುದನ್ನು ನಿರ್ಧರಿಸಿಬಿಟ್ಟಳು. ಬೂಕನಕೆರೆಯಿಂದ ಬರುವ ಸಹೋದ್ಯೋಗಿಯೊಬ್ಬರು ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ದನಿ ತಗ್ಗಿಸಿ ವಿಚಾರಿಸಿದರು. ನನ್ನ ಜೊತೆ ನಡೆಯಲು ಬರುವ ಪಕ್ಕದ ಬೀದಿಯ ಅಕ್ಕಸಾಲಿಗರ ಮನೆಯಾಕೆ ಮಾತ್ರ ನನ್ನ ಬೆರಳಲ್ಲಿ ಗಿರಗಿರ ತಿರುಗುವ ಉಂಗುರ ನೋಡಿ ನಕ್ಕರು. “ಉಂಗ್ರ ಸಡ್ಲಾದ್ರೆ ನಮ್ಮನೆಯವ್ರಿಗ್ ಕೆಲ್ಸ, ರವ್ಕೆ ಸಡ್ಲಾದ್ರೆ ಟೈಲರಿಗ್ ಕೆಲ್ಸ. ನೀವ್ ನಡೀರಿ, ನಾಕ್ ಜನ ಬದುಕ್ಕಳ್ಲಿ.”

ರವಿಕೆ ನಿಜವಾಗಿಯೂ ಸಡಿಲವಾಗಿತ್ತು. ನಮ್ಮ ಮನೆಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುವುದು ನಾಗಮಂಗಲದ ಚಿಕ್ಕವ್ವ, ನನ್ನ ಅವ್ವನ ತಂಗಿ. ಮದುವೆಯಾಗಿ ಹೋದ ಮೇಲೆ ಮೆಷಿನ್ನು ಕಲಿತವಳು, ಈಗ ಎಪ್ಪತ್ತರ ಹತ್ತಿರ. ಅವಳ ಹೊಲಿಗೆಗೆ ಒಂದು ಕ್ರಮವಿದೆ. ಎರಡೂ ಪಕ್ಕೆಗಳಲ್ಲಿ ಒಳಗೆ ಮೂರು ಬೆರಳಷ್ಟು ಬಟ್ಟೆ ಬಿಟ್ಟು, ಅದರ ಮೇಲೆ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ ಹಾಕುತ್ತಾಳೆ. ಮೈಗೆ ಹತ್ತಿರದ್ದು ಬಿಗಿ, ಅದರಾಚೆಯದು ಸ್ವಲ್ಪ ಸಡಿಲ, ಕೊನೆಯದು ಇನ್ನೂ ಸಡಿಲ. ಮಕ್ಕಳಾಗಿ ಮೈ ತುಂಬಿದಾಗ ಒಳಗಿನ ಸಾಲು ಬಿಚ್ಚಬೇಕು. ಇನ್ನೂ ತುಂಬಿದರೆ ಎರಡನೆಯದು. ರವಿಕೆ ಹೊಸದಾಗಿ ಹೊಲಿಸುವ ಮಾತೇ ಇಲ್ಲ. ಬಿಚ್ಚಿದ ಸಾಲು ಹೋದರೂ ಸೂಜಿಯ ತೂತುಗಳ ಗುರುತು ಉಳಿಯುತ್ತದೆ. ರವಿಕೆಯೊಂದನ್ನು ಒಳಮೈ ಹೊರಮಾಡಿ ಬೆಳಕಿಗೆ ಹಿಡಿದರೆ ಅದನ್ನು ತೊಟ್ಟವಳು ಯಾವ್ಯಾವಾಗ ಎಷ್ಟೆಷ್ಟು ದಪ್ಪಗಿದ್ದಳು ಎಂಬುದು ಕಾಣುತ್ತದೆ. ನಾವೆಲ್ಲ ಹೊರಕ್ಕೇ ಹೋಗುತ್ತೇವೆ ಎಂದು ಚಿಕ್ಕವ್ವ ಮೊದಲೇ ಎಣಿಸಿ ಹೊಲಿಯುತ್ತಾಳೆ. ಹಾಗೇ ಆಗುತ್ತಿತ್ತು ಕೂಡ.

ಅವ್ವ ತೀರಿಕೊಂಡಾಗ ಅವಳ ಮೂರು ಸೀರೆ, ಅವುಗಳ ರವಿಕೆಗಳು ನನ್ನ ಪಾಲಿಗೆ ಬಂದವು. ನಾಲ್ಕು ವರ್ಷವಾಯಿತು. ಸೀರೆ ಉಟ್ಟಿದ್ದೇನೆ, ರವಿಕೆ ನನ್ನ ತೋಳಿಗೆ ಹತ್ತುತ್ತಿರಲಿಲ್ಲವಾಗಿ ಬೀರುವಿನಲ್ಲೇ ಇದ್ದವು. ಈ ಸಲ ಎಲ್ಲ ರವಿಕೆಗಳನ್ನೂ ಒಳಕ್ಕೆ ಹೊಲಿಸಲು ಗಂಟು ಕಟ್ಟುವಾಗ, ಸುಮ್ಮನೆ ಒಂದು ಕುತೂಹಲಕ್ಕೆ ಅವ್ವನ ಮರೂನ್ ಬಣ್ಣದ್ದನ್ನು ತೊಟ್ಟು ನೋಡಿದೆ. ಹುಕ್ಕುಗಳೆಲ್ಲ ಬಿದ್ದವು. ಕಂಕುಳಲ್ಲಿ ಒಂದು ಎಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕನ್ನಡಿಯಲ್ಲಿ ನನ್ನ ತೋಳು ಅವ್ವನ ತೋಳಾಗಿತ್ತು: ಮೊಣಕೈ ಮೇಲೆ ಚರ್ಮ ಸಣ್ಣಗೆ ಸಡಿಲವಾಗಿ, ಲಸಿಕೆಯ ಗುರುತು ಅಗಲವಾಗಿ. ಆ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಕಾಲೇಜಿಗೆ ತಡವಾಯಿತು.

ಸಂಜೆ ಬಂದು ಅದನ್ನು ತಿರುವಿ ನೋಡಿದೆ. ಮೊದಲ ಎರಡು ಸಾಲು ಬಿಚ್ಚಿದ ತೂತುಗಳಿದ್ದವು, ಅವುಗಳ ಮೇಲೆ ಮತ್ತೆ ಹೊಲಿದ ದಾರವಿತ್ತು. ಅಂದರೆ ಅವ್ವ ದಪ್ಪಗಾಗಿ ಮತ್ತೆ ಇಳಿದಿದ್ದಳು. ಅದು ನನಗೆ ಗೊತ್ತಿದ್ದದ್ದೇ. ಆದರೆ ಅವುಗಳಿಗಿಂತ ಒಳಗೆ, ಹೊಲಿಯುವಾಗ ಯಾರೂ ಎಣಿಸಿರದ ಜಾಗದಲ್ಲಿ, ನಾಲ್ಕನೆಯ ಒಂದು ಸಾಲಿತ್ತು. ದಾರ ಮರೂನ್ ಅಲ್ಲ, ಕಪ್ಪು. ಸಾಲಿನ ತುದಿಯಲ್ಲಿ ಮೆಷಿನ್ನನ್ನು ಹಿಂದಕ್ಕೆ ತಿರುಗಿಸಿ ಮೂರು ಹೊಲಿಗೆ ಹಾಕಿ ನಿಲ್ಲಿಸಿತ್ತು. ಹಾಗೆ ನಿಲ್ಲಿಸುವವಳು ಚಿಕ್ಕವ್ವ ಒಬ್ಬಳೇ.

ಅವ್ವನನ್ನು ಇಳಿಸಿದವಳು ನಾನು. ಅಥವಾ ಹಾಗೆಂದುಕೊಂಡಿದ್ದೆ. ಅವ್ವ ಪಾಂಡವಪುರದ ಹತ್ತಿರ ನಮ್ಮೂರಿನಲ್ಲಿ ನನ್ನ ತಮ್ಮನ ಜೊತೆಗಿದ್ದಳು. ಹಸು ಕಟ್ಟಿಕೊಂಡ ಮನೆ. ಮಂಡಿ ನೋವು ಬಂದ ಮೇಲೆ ಡೇರಿಗೆ ಹಾಲು ಹಾಕುವ ಕೆಲಸ ತಮ್ಮನ ಹೆಂಡತಿಯ ಸ್ಕೂಟರಿಗೆ ಹೋಗಿ, ಅವ್ವ ಜಗಲಿಯಲ್ಲಿ ಕೂತವಳು ದಪ್ಪಗಾಗುತ್ತ ಹೋದಳು. ಊರಿನ ತಪಾಸಣೆಯಲ್ಲಿ ಸಕ್ಕರೆ ಇದೆ ಎಂದಾಯಿತು. ಆ ವರ್ಷ ದಸರಾ ರಜೆ ಕಳೆದ ಮೇಲೆ ನಾನು ಒಂದು ತೂಕದ ಯಂತ್ರ ಕೊಂಡು ಊರಿಗೆ ಹೋದೆ. ಏನೇನು ತಿನ್ನಬೇಕು ತಿನ್ನಬಾರದು ಎಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಇನ್ನು ಮೇಲೆ ಪ್ರತಿ ಭಾನುವಾರ ಬಂದು ನಡೆಸುತ್ತೇನೆ, ಉಳಿದ ದಿನ ನೀನೇ ನಡೆಯಬೇಕು ಎಂದೆ.

ಅವ್ವ ನನ್ನ ಹೊಸ ಬೂಟು ನೋಡಿ ನಕ್ಕಿದ್ದು ನೆನಪಿದೆ. “ನಾನ್ ಉಟ್ದಾಗಿಂದ್ಲೂ ನಡೀತಾನೇ ಇವ್ನಿ ಕನ್ ಮಗ. ನೀನ್ ಈಗ್ ಕಲ್ತ್ಕಬಂದು ನಂಗೇಳ್ಕೊಡ್ತೀಯ?”

ಅವಳು ಹವಾಯಿ ಚಪ್ಪಲಿಯಲ್ಲೇ ಬಂದಳು. ಆ ಭಾನುವಾರಗಳಷ್ಟು ನನಗೆ ಈಗ ಬೇಕೆನ್ನಿಸುವುದು ಬೇರೊಂದಿಲ್ಲ. ಮದುವೆಯಾದ ಮೇಲೆ ಅವ್ವನ ಜೊತೆ ಸುಮ್ಮನೆ, ಯಾವ ಕೆಲಸವೂ ಇಲ್ಲದೆ, ಒಂದು ಗಂಟೆ ಕಳೆದದ್ದು ಅಲ್ಲಿಯೇ. ನಾಲೆಯಲ್ಲಿ ನೀರು ಬಿಟ್ಟಿದ್ದರೆ ಅದರ ಸದ್ದು, ಬಿಟ್ಟಿಲ್ಲದಿದ್ದರೆ ಕೆಸರಿನಲ್ಲಿ ಕೊಕ್ಕರೆಗಳು. ಎರಡೂ ಕಡೆ ಕಬ್ಬು. ಯಾರ ಗದ್ದೆ ಯಾರ ಕೈಗೆ ಹೋಯಿತು, ಯಾವ ಸೊಸೆ ಯಾವ ಅತ್ತೆಗೆ ಏನಂದಳು ಎಂದು ಅವ್ವ ಹೇಳುತ್ತಿದ್ದಳು. ನಾನು ಅವಳ ತಾಯಿಯ ಕತೆ ಕೇಳುತ್ತಿದ್ದೆ. ತೂಬಿನ ಮೇಲೆ ಕೂತು ದಣಿವಾರಿಸಿಕೊಂಡು ವಾಪಸ್ಸು. ದಿನಚರಿಯಲ್ಲಿ ಈ ಮಾತು ಒಂದೂ ಇಲ್ಲ. ಇರುವುದು ಬರೀ ಅಂಕಿ. ಎಪ್ಪತ್ತೊಂದು. ಎಪ್ಪತ್ತು. ಅರವತ್ತೆಂಟು. ಕೆಲವು ಅಂಕಿಗಳ ಪಕ್ಕ ಮಕ್ಕಳ ಪುಸ್ತಕದಲ್ಲಿ ಹಾಕುವ ಹಾಗೆ ಸರಿ ಗುರುತು ಹಾಕಿದ್ದೇನೆ.

ಬೇಸಿಗೆಗೆ ಮುಂಚಿನ ಒಂದು ಭಾನುವಾರ ಆಲೆಮನೆಯಲ್ಲಿ ಬೆಲ್ಲ ಇಳಿಸುತ್ತಿದ್ದರು. ಏರಿಯ ತುಂಬ ಅದರ ವಾಸನೆ. ಆಲೆಮನೆಯವರು ಅವ್ವನನ್ನು ಕರೆದು ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು. ಹಾಲು ಹಾಕುತ್ತಿದ್ದ ಕಾಲದಿಂದಲೂ ಅವಳು ಅಲ್ಲಿ ನಿಂತು ತಿಂದೇ ಹೋಗುತ್ತಿದ್ದವಳು. ನಾನು ಬೇಡ ಎಂದೆ. ಆಮೇಲೆ ಏನಾಯಿತು? ನಾನು ಅವಳ ಕೈಯಿಂದ ಎಲೆ ತೆಗೆದುಕೊಂಡೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅವಳೇ ತಣ್ಣಗೆ ಅದನ್ನು ದಂಡೆಯ ಮೇಲಿಟ್ಟು, “ಇರುವೆಗಾಗ್ಲಿ ಬುಡು” ಅಂದಳು ಎಂದೂ ಅನ್ನಿಸುತ್ತದೆ. ದಿನಚರಿಯಲ್ಲಿರುವುದು ಇಷ್ಟು: ‘ಅವ್ವ ಬೆಲ್ಲ ತಿನ್ನಲಿಲ್ಲ. ಭೇಷ್.’

ಯುಗಾದಿಗೆ ಐವತ್ತೆಂಟು. ಹಬ್ಬಕ್ಕೆ ಬಂದವರ ಮುಂದೆಲ್ಲ ಅವ್ವನನ್ನು ನಿಲ್ಲಿಸಿ ತೋರಿಸಿದೆ, ನೋಡಿ ಹೇಗಾಗಿದ್ದಾಳೆ, ಹತ್ತು ವರ್ಷ ಚಿಕ್ಕವಳಾಗಿದ್ದಾಳೆ ಅಂತ. ಅವಳು ಹೋಳಿಗೆಯಲ್ಲಿ ಅರ್ಧ ಮುರಿದು ತಟ್ಟೆಯಲ್ಲೇ ಬಿಟ್ಟಳು. ಅದನ್ನೂ ನಾನು ಮೆಚ್ಚಿಕೊಂಡೆ. ಆಷಾಢಕ್ಕೆ ಮುಂಚೆ ಆಸ್ಪತ್ರೆ, ಸ್ಕ್ಯಾನಿಂಗು. ಹೊಟ್ಟೆಯಲ್ಲಿದ್ದದ್ದು ಬಹಳ ದಿನದಿಂದ ಇದ್ದಿರಬೇಕು ಎಂದರು. ತೂಕ ಇಳಿದದ್ದು ಗಮನಕ್ಕೆ ಬರಲಿಲ್ಲವೇ ಎಂದು ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕೇಳಿದರು. ತೂಕ ಬರೆದ ದಿನಚರಿ ನನ್ನ ಚೀಲದಲ್ಲೇ ಇತ್ತು. ಮೂರು ತಿಂಗಳು, ಅಷ್ಟೇ. ಆ ಮೂರು ತಿಂಗಳೂ ಆಸ್ಪತ್ರೆಯಲ್ಲಿ ಅವ್ವನ ಪಕ್ಕ ಮಲಗಿದವಳು ಚಿಕ್ಕವ್ವ.

ನಾಲ್ಕು ವರ್ಷ ನಾನು ಒಂದು ಸಮಾಧಾನ ಕಟ್ಟಿಕೊಂಡು ಬದುಕಿದ್ದೆ: ನಡಿಗೆಯಿಂದ ಸ್ವಲ್ಪ ಇಳಿದಳು, ಕೊನೆಗೆ ಕಾಯಿಲೆಯಿಂದ ಸ್ವಲ್ಪ ಇಳಿದಳು, ಎರಡೂ ಸೇರಿಹೋದವು, ಯಾರಿಗೂ ತಿಳಿಯುವಂತಿರಲಿಲ್ಲ. ಕಪ್ಪು ದಾರದ ಸಾಲು ನೋಡಿದ ಮೇಲೆ ಆ ಸಮಾಧಾನ ನಿಲ್ಲುತ್ತಿಲ್ಲ. ಏಕೆಂದರೆ ಆ ಮರೂನ್ ರವಿಕೆಯನ್ನು ಅವ್ವ ತೊಟ್ಟದ್ದು ನನಗೆ ನೆನಪಿರುವುದು ಒಂದೇ ಸಲ, ಪೇಟೆಯಲ್ಲಿ ನಡೆದ ನಮ್ಮ ನೆಂಟರ ಮದುವೆಯಲ್ಲಿ. ಆ ಮದುವೆ ನಡೆದದ್ದು ಬೇಸಿಗೆಯಲ್ಲಿ. ನಾನು ತೂಕದ ಯಂತ್ರ ಕೊಂಡುಹೋದದ್ದು ಅದೇ ವರ್ಷ ದಸರಾ ಕಳೆದ ಮೇಲೆ. ನಾಲ್ಕನೆಯ ಹೊಲಿಗೆ ಆ ಮದುವೆಗೆ ಹಾಕಿದ್ದಾದರೆ, ನಾನು ಹಾಳೆ ಅಂಟಿಸುವುದಕ್ಕೆ ಐದಾರು ತಿಂಗಳ ಮುಂಚೆಯೇ ಅವ್ವ ಕರಗತೊಡಗಿದ್ದಳು. ಎಪ್ಪತ್ತೊಂದು ಎಂದು ನಾನು ಬರೆದ ಮೊದಲ ಅಂಕಿ ಆಗಲೇ ಇಳಿದ ಅಂಕಿ. ಅದಕ್ಕೆ ಮುಂಚೆ ಎಷ್ಟಿತ್ತೋ ಅಳೆದವರಿಲ್ಲ. ಕಾಯಿಲೆಯವಳ ಕೈಯಿಂದ ನಾನು ಮುದ್ದೆ ತೆಗೆದೆ, ಬೆಲ್ಲ ತೆಗೆದೆ, ನಡೆ ನಡೆ ಎಂದು ತೂಬಿನವರೆಗೆ ನಡೆಸಿದೆ.

ಹಾಗಿಲ್ಲದೆಯೂ ಇರಬಹುದು. ಅವ್ವ ಅದನ್ನು ಆಮೇಲೆ ಯಾವಾಗಲೋ ಒಳಕ್ಕೆ ಹೊಲಿಸಿ, ನಾನಿಲ್ಲದಾಗ ತೊಟ್ಟಿರಬಹುದು. ಮದುವೆಯ ಫೋಟೊ ಫೋನಿನಲ್ಲಿ ಹುಡುಕಿದೆ. ಅವ್ವ ನನ್ನ ಪಕ್ಕ ನಿಂತಿದ್ದಾಳೆ, ಆ ಸೆಕೆಯಲ್ಲೂ ಸೆರಗನ್ನು ಎರಡೂ ಹೆಗಲಿಗೆ ಹೊದ್ದು. ತೋಳು ಕಾಣುವುದಿಲ್ಲ. ಅವಳು ಯಾವಾಗಲೂ ಹಾಗೇ ಹೊದೆಯುತ್ತಿದ್ದಳಲ್ಲವೇ? ಮೊದಲು ಹೂಂ ಎನ್ನಿಸುತ್ತದೆ, ಹತ್ತು ಸಲ ನೋಡಿದ ಮೇಲೆ ಇಲ್ಲವೇನೋ ಎನ್ನಿಸುತ್ತದೆ. ಆ ದಿನದ ದಿನಚರಿಯಲ್ಲಿ ನನ್ನ ರವಿಕೆ ಕಂಕುಳಲ್ಲಿ ಹಿಡಿಯುತ್ತಿತ್ತು ಎಂದಿದೆ. ಅವ್ವನ ಬಗ್ಗೆ ಒಂದು ಅಕ್ಷರವಿಲ್ಲ.

ಗೊತ್ತಿರುವವಳು ಒಬ್ಬಳೇ. ಕಳೆದ ತಿಂಗಳ ಎರಡನೆಯ ಶನಿವಾರ ಗಂಟು ಹಿಡಿದು ನಾಗಮಂಗಲದ ಬಸ್ಸು ಹತ್ತಿದೆ. ನನ್ನ ಏಳು ರವಿಕೆ, ಎಲ್ಲಕ್ಕಿಂತ ಕೆಳಗೆ ಅವ್ವನದು.

ಚಿಕ್ಕವ್ವ ಕಿಟಕಿಯ ಪಕ್ಕ ಮೆಷಿನ್ನಿನ ಮುಂದೆ ಕೂತಿದ್ದಳು. ನನ್ನನ್ನು ನೋಡಿದವಳು ಬಾ ಎನ್ನಲಿಲ್ಲ. ಕನ್ನಡಕ ಹಣೆಗೆ ಏರಿಸಿ ಮೇಲಿಂದ ಕೆಳಗಿನವರೆಗೆ ನೋಡಿದಳು. ಸೊಸೆಯನ್ನು ಕೂಗಿ ಮುದ್ದೆಗೆ ಎಸರಿಡಲು ಹೇಳಿದಳು. ಬಸ್ಸಾರು, ಎರಡು ಮುದ್ದೆ ಬಂದವು. ಒಂದು ಸಾಕು ಎಂದೆ. ಎರಡನೆಯದನ್ನು ಅವಳೇ ಕೈಯಲ್ಲೆತ್ತಿ ನನ್ನ ತಟ್ಟೆಗಿಟ್ಟು, ಮುಗಿಯುವವರೆಗೂ ಎದುರಿಗೆ ಕೂತಿದ್ದಳು. ಮುಗಿಸಿದೆ. ಬಹಳ ದಿನದ ಮೇಲೆ ಎರಡನೆಯ ಮುದ್ದೆ ಉಂಡದ್ದು. ಅದು ಚೆನ್ನಾಗಿತ್ತು ಎಂಬುದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ.

ಕೈ ತೊಳೆದು ಗಂಟು ಬಿಚ್ಚಿ, ಇವನ್ನೆಲ್ಲ ಒಂದೊಂದು ಬೆರಳು ಒಳಕ್ಕೆ ಹೊಲಿದುಕೊಡು ಎಂದೆ. ಚಿಕ್ಕವ್ವ ಮೊದಲನೆಯದನ್ನು ತಿರುವಿ, ಸಾಲುಗಳ ಮೇಲೆ ಉಗುರು ಆಡಿಸಿ, ಮಡಿಸಿ ನನ್ನ ತೊಡೆಯ ಮೇಲಿಟ್ಟಳು.

“ಬುಚ್ಚೋದಿದ್ರೆ ಕೊಡು, ಬುಚ್ಕೊಡ್ತೀನಿ. ಒಳೀಕ್ ನಾನ್ ಒಲಿಯಾಕಿಲ್ಲ.”

ತಮಾಷೆ ಎಂದುಕೊಂಡೆ. ನಾನು ಬೇಕೆಂದೇ ಇಳಿಸಿದ್ದು, ದಿನಾ ನಡೆಯುತ್ತೇನೆ, ಮಂಡಿ ನೋವಿಲ್ಲ, ಡಾಕ್ಟರೇ ಹೇಳಿದ್ದು ಎಂದೆಲ್ಲ ವಿವರಿಸಿದೆ. ಫೋನಿನಲ್ಲಿದ್ದ ಪರೀಕ್ಷೆಯ ಕಾಗದಗಳನ್ನು ತೆಗೆದು, ಸಕ್ಕರೆ ಸರಿಯಿದೆ, ರಕ್ತ ಸರಿಯಿದೆ, ಹೊಟ್ಟೆಯ ಸ್ಕ್ಯಾನಿಂಗೂ ಮಾಡಿಸಿದ್ದೇನೆ ಎಂದು ಒಂದೊಂದಾಗಿ ತೋರಿಸಿದೆ. ಹೊಟ್ಟೆಯ ಸ್ಕ್ಯಾನಿಂಗ್ ಯಾರೂ ಮಾಡಿಸಲು ಹೇಳಿರಲಿಲ್ಲ. ಅದನ್ನು ನಾನೇ ಹೋಗಿ ಮಾಡಿಸಿಕೊಂಡಿದ್ದೆ, ಮನೆಯಲ್ಲಿ ಕೂಡ ಹೇಳಿರಲಿಲ್ಲ.

“ಆ ಕಾಗ್ದ ನಂಗೇನ್ ತಿಳೀತದೆ,” ಅಂದಳು. “ಅಕ್ಕನೂ ಇಂಗೇ ನಗ್ತಾ ಕುಂತಿದ್ಲು, ನೀನ್ ಕುಂತಿರೋ ಜಾಗ್ದಾಗೇ. ಒಳೀಕಾಕು ಅಂದ್ಲು, ಆಕ್ದೆ. ಇನ್ ಯಾರ್ಗೂ ಆಕಾಕಿಲ್ಲ.”

ನನ್ನ ಕೈ ತಾನಾಗಿ ಗಂಟಿನ ತಳಕ್ಕೆ ಹೋಯಿತು. ಅವ್ವನ ರವಿಕೆ ತೆಗೆದು, ಒಳಮೈ ತಿರುವಿ, ಕಪ್ಪು ದಾರ ಕಾಣುವಂತೆ ಮೆಷಿನ್ನಿನ ಹಲಗೆಯ ಮೇಲೆ ಹರಡಿದೆ. ಚಿಕ್ಕವ್ವ ಅದನ್ನು ಮುಟ್ಟಲಿಲ್ಲ. ನೋಡಿದಳು, ಗುರುತು ಹಿಡಿದಳು, ಅಷ್ಟು ಖಂಡಿತ. ನಾನು ಕೇಳಿದೆ. ಅವಳು ಕನ್ನಡಕ ಇಳಿಸಿ ಕಣ್ಣಿಗೆ ಹಾಕಿಕೊಂಡು, ಅರ್ಧಕ್ಕೆ ನಿಂತಿದ್ದ ಯಾರದೋ ಲಂಗವನ್ನು ಸೂಜಿಯ ಕೆಳಗೆ ಎಳೆದುಕೊಂಡು ಮೆಷಿನ್ನು ತುಳಿಯತೊಡಗಿದಳು. ಆ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು, ಮೆಷಿನ್ನು ನಿಂತ ಮೇಲೆ ಇನ್ನೊಮ್ಮೆ ಕೇಳಿದೆ. ನಾಲ್ಕರ ಬಸ್ಸು ತಪ್ಪಿಸಿಕೊಳ್ಳಬೇಡ ಎಂದಳು. ಬಾಗಿಲವರೆಗೆ ಬಂದು ನನ್ನ ತೋಳನ್ನು ರವಿಕೆಯ ಕೆಳಗೆ, ಸಡಿಲ ಚರ್ಮವಿರುವ ಕಡೆ, ಹಿಡಿದು ಒತ್ತಿ ನೋಡಿ ಬಿಟ್ಟಳು.

ರವಿಕೆಗಳು ಹಾಗೇ ವಾಪಸ್ಸು ಬಂದವು. ಸಡಿಲವಾದವನ್ನೇ ತೊಡುತ್ತಿದ್ದೇನೆ, ಸೆರಗನ್ನು ಎರಡೂ ಹೆಗಲಿಗೆ ಹೊದ್ದು. ಬೆಳಿಗ್ಗೆ ಹೊಳೆ ಪಕ್ಕ ನಡೆಯುವುದನ್ನು ಬಿಟ್ಟಿಲ್ಲ. ನಡೆಯುವಾಗ ಕೆಲವು ದಿನ ಹಿಂತಿರುಗಿ ನೋಡುತ್ತೇನೆ, ಯಾರೋ ಹಿಂದೆ ಉಳಿದಿದ್ದಾರೆ ಎಂಬಂತೆ. ಚಿಕ್ಕವ್ವನಿಗೆ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಉಂಡೆಯಾ ಎನ್ನುತ್ತಾಳೆ, ಉಂಡೆ ಎನ್ನುತ್ತೇನೆ. ಅವಳಿಗೆ ನಿಜವಾಗಿಯೂ ನೆನಪಿಲ್ಲದಿರಬಹುದು. ನನಗೇ ಎಷ್ಟೊಂದು ನೆನಪಿಲ್ಲ. ಅಥವಾ ಇದ್ದೂ, ನನ್ನ ಮೇಲಿನ ಕರುಣೆಗೆ ಬಾಯಿ ಮುಚ್ಚಿಕೊಂಡಿರಬಹುದು. ಆ ದಿನ ಅವಳ ಮೆಷಿನ್ನಿನ ಪಕ್ಕ ನಿಂತು ನಾನು ಎರಡು ಸಲ ಕೇಳಿದ್ದು ಇಷ್ಟನ್ನೇ:

“ಚಿಕ್ಕವ್ವ, ಈ ನಾಕ್ನೇ ಒಲ್ಗೆ ನೀನ್ ಆಕಿದ್ದು ಪೇಟೆ ಮದ್ವೇಗಾ, ಇಲ್ಲ ನಾನು ಅವ್ವನ್ನ ನಡ್ಸಾಕ್ ಶುರು ಮಾಡಿದ್ಮೇಲಾ?”